ಮರಳಿಗೆ ಹಾಕಿದ ಹೆಪ್ಪು

ಅವಳು ನೀರಿನ ಮನೆಗೆ ಕೆಲಸಕ್ಕೆ ಬಂದ ಮೊದಲ ದಿನವೇ ಪಾಚಿಯಪ್ಪ ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೆ ಕುಕ್ಕರಿಸಿಬಿಟ್ಟ. ಅವಳು ಮಾಡಿದ್ದು ಇಷ್ಟೇ. ಕೊಟ್ಟ ಕೆಲಸವನ್ನು ಬೇಕಾದ್ದಕ್ಕಿಂತ ಚೊಕ್ಕವಾಗಿ ಮಾಡಿದ್ದಳು.

ಗಂಡ ತೀರಿಕೊಂಡು ಇನ್ನೂ ವರ್ಷ ತಿರುಗಿರಲಿಲ್ಲ. ಓದು ಎಂದರೆ ಅಂಗಡಿಯ ಬೋರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು. ಆದರೆ ಅಕ್ಕಿ ಆರಿಸಲು ಕೂತಳೆಂದರೆ ಕಲ್ಲು ಹಾಗಿರಲಿ, ಮುರಿದ ನುಚ್ಚೂ ಉಳಿಯುತ್ತಿರಲಿಲ್ಲ. ಆ ಕೈಯನ್ನು ನಂಬಿಯೇ ಅವಳಿಗೆ ಮರಳು ತೊಳೆಯುವ ಕೆಲಸ ಕೊಟ್ಟಿದ್ದರು.

ಊರಿಗೆಲ್ಲ ನೀರು ಕೊಡುತ್ತಿದ್ದದ್ದು ಮೂರು ಮರಳಿನ ಹಾಸುಗಳು. ಹಾಸು ಎಂದರೆ ಸಿಮೆಂಟಿನ ಕೊಳ. ಮೇಲೆ ಎದೆಮಟ್ಟ ನದಿಯ ನೀರು, ತಳದಲ್ಲಿ ದಪ್ಪಗೆ ಹಾಸಿದ ಮರಳು. ನೀರು ಮರಳಿನ ಒಳಗೆ ಮೆಲ್ಲಗೆ ಇಳಿದು, ತಿಳಿಯಾಗಿ, ಕೆಳಗಿನ ಕೊಳವೆ ಸೇರಿ ನಲ್ಲಿಗಳಿಗೆ ಹೋಗುತ್ತಿತ್ತು. ಬರುಬರುತ್ತಾ ಮರಳಿನ ಮೇಲ್ಮೈ ಕಟ್ಟಿಕೊಂಡು ನೀರು ಇಳಿಯಲು ಒಲ್ಲೆ ಎನ್ನುತ್ತಿತ್ತು. ಆಗ ಆ ಹಾಸನ್ನು ಬರಿದು ಮಾಡಿ, ಮೇಲಿನ ಮರಳನ್ನು ಬೆರಳು ದಪ್ಪದಷ್ಟು ಕೆರೆದು ತೆಗೆದು, ಹೊರಗಿನ ಕಲ್ಲುತೊಟ್ಟಿಯಲ್ಲಿ ತೊಳೆದು ಮತ್ತೆ ಹರಡಬೇಕು. ಕೆರೆಯುವವನು ಪಾಚಿಯಪ್ಪ, ತೊಳೆಯುವವಳು ಅವಳು.

ಬೆಳಿಗ್ಗೆಯಿಂದ ಬಾಗಿ ಬಾಗಿ ತೊಳೆದಳು. ಗಾಜಿನ ಲೋಟದಲ್ಲಿ ಒಂದು ಚಿಟಿಕೆ ಮರಳು ಹಾಕಿ, ನೀರು ಬಿಟ್ಟು, ಅಲ್ಲಾಡಿಸಿ, ನೀರು ಮಬ್ಬಾಗದಿದ್ದರೆ ಮಾತ್ರ ಆ ರಾಶಿ ಮುಗಿಯಿತು. ಎಲ್ಲ ಮುಗಿದ ಮೇಲೆ ಗೋಡೆಯ ಮೂಲೆಯಲ್ಲಿ ಒದ್ದೆ ಗೋಣಿ ಮುಚ್ಚಿದ ಒಂದು ಬುಟ್ಟಿ ಕಂಡಿತು. ತೆರೆದು ನೋಡಿದರೆ ಹಸಿರು ಲೋಳೆ ಅಂಟಿದ ಮರಳು, ಅದರ ತುಂಬ ಕೆಂಪು ದಾರದ ಚೂರಿನಂಥ ಹುಳ. ಅವಳು ಮೂಗು ಮುರಿದು, ಒಂದೊಂದೇ ಹುಳವನ್ನು ಎಲೆಯ ಮೇಲೆ ಆರಿಸಿ ಎಸೆದು, ಆ ಬುಟ್ಟಿಯನ್ನೂ ತೊಳೆದು ಬೆಳ್ಳಗೆ ಮಾಡಿಟ್ಟಳು.

ಪಾಚಿಯಪ್ಪ ಬಂದ. ಒಣಕಲು ಆಳು, ಮೊಣಕಾಲವರೆಗೆ ಮಡಚಿದ ಪ್ಯಾಂಟು, ಕಿವಿಯ ಮೇಲೊಂದು ಸಿಕ್ಕಿಸಿದ ಬೀಡಿ. ಬುಟ್ಟಿಗೆ ಕೈ ಹಾಕಿದ.

"ಇದರಲ್ಲಿದ್ದ ಮರಳು ಎಲ್ಲಿ?"

"ಅದೇ ಅಣ್ಣಾ, ತೊಳೆದಿಟ್ಟಿದ್ದೀನಿ. ಥೂ, ಹುಳ ಆಗಿಹೋಗಿತ್ತು. ಎಲ್ಲಾ ಆರಿಸಿ ಬಿಸಾಕಿದೆ."

"ಎಲ್ಲಾ?"

"ಒಂದೂ ಬಿಟ್ಟಿಲ್ಲ."

ಆಗಲೇ ಅವನು ಕುಕ್ಕರಿಸಿದ್ದು. ಕೂತಲ್ಲಿಂದಲೇ ಕೇಳಿದ, "ಮನೇಲಿ ಮೊಸರು ಮಾಡ್ತೀಯಾ, ತಂಗಿ?"

"ಮಾಡ್ತೀನಿ."

"ಹೆಪ್ಪಿಗೆ ಅಂತ ಎತ್ತಿಟ್ಟ ಮೊಸರನ್ನ ತಿಕ್ಕಿ ತೊಳೆದು ಪಾತ್ರೆ ಬೋರಲು ಹಾಕ್ತೀಯಾ?"

"ಯಾರಾದ್ರೂ ಹಾಗೆ ಮಾಡ್ತಾರಾ?"

"ಮಾಡ್ತಾರೆ. ಈಗ ತಾನೆ ಮಾಡಿದ್ರು."

ಅವಳ ಮುಖ ಸಣ್ಣದಾಯಿತು. ಅವನಿಗೆ ಅದನ್ನು ನೋಡಿ ನಗು ಬಂತು. ಬಾ ಎಂದು ಗದ್ದದಲ್ಲೇ ಸನ್ನೆ ಮಾಡಿ, ತುಂಬಿದ ಮೊದಲನೆಯ ಹಾಸಿನ ದಡಕ್ಕೆ ಕರೆದುಕೊಂಡು ಹೋದ. ನೀರಿನಡಿ ಮರಳಿನ ಮೇಲೆ ಕಂದುಹಸಿರು ಪದರ ಕಾಣುತ್ತಿತ್ತು.

"ಅದು ಕೆನೆ. ನೀರನ್ನ ಶುದ್ಧ ಮಾಡೋದು ಮರಳು ಅಂತ ಊರವರು ಅಂದ್ಕೊಂಡಿದ್ದಾರೆ. ಬರೀ ಮರಳು ಕಸ ತಡೀಬಹುದು ಅಷ್ಟೇ. ಆ ಕೆನೇಲಿ ಕಣ್ಣಿಗೆ ಕಾಣದ ಜೀವಿಗಳು ಲೆಕ್ಕ ಇಲ್ಲದಷ್ಟಿವೆ. ನದಿ ಹೊತ್ತು ತರೋ ಕೊಳೆ ಅವುಗಳ ಊಟ. ಬೇನೆ ತರೋ ಕ್ರಿಮೀನ ಅವುಗಳಿಗಿಂತ ಸ್ವಲ್ಪ ದೊಡ್ಡವು ಹಿಡಿದು ತಿಂತಾವೆ, ಅವನ್ನ ಇನ್ನೂ ಸ್ವಲ್ಪ ದೊಡ್ಡವು. ಅಲ್ಲಿ ಹಗಲೂ ರಾತ್ರಿ ಪಂಕ್ತಿ ಊಟ. ಉಂಡು ಮಿಕ್ಕಿದ್ದು ನಮ್ಮ ನಲ್ಲೀಲಿ ಬರೋ ನೀರು. ತೊಳೆದ ಮರಳಲ್ಲಿ ಕೆನೆ ತಾನಾಗಿ ಕಟ್ಟೋದು ನಿಧಾನ. ಅದಕ್ಕೇ ತೊಳೆಯದ ಒಂದು ಬುಟ್ಟಿ ಎತ್ತಿಟ್ಟು, ಕೊನೇಲಿ ಚೆಲ್ತೀನಿ. ಹೆಪ್ಪು."

"ಆ ಕೆಂಪು ಹುಳ ಏನು ಮಾಡುತ್ತೆ?"

ಪಾಚಿಯಪ್ಪ ಭುಜ ಕುಣಿಸಿದ. "ಅದಾ? ಬಾಡಿಗೆ ಕೊಡದ ಒಕ್ಕಲು. ಇದ್ದುಕೊಳ್ಳಲಿ ಬಿಡು."

ಅಂದಿನಿಂದ ಅವಳು ಊರಿಗೆ ತೊಟ್ಟಿಯಕ್ಕನಾದಳು. ಪಾಚಿಯಪ್ಪನ ಹೆಸರೂ ಊರೇ ಇಟ್ಟದ್ದು. ಉಳಿದವರು ಪಾಚಿ ಕಂಡರೆ ಉಜ್ಜಿ ತೆಗೆಯುತ್ತಾರೆ, ಇವನು ಹಸುಗೂಸಿನ ಹಾಗೆ ಸಾಕುತ್ತಾನೆ ಎಂದು. ಹರೆಯದಲ್ಲಿ ಕಲ್ಲು ಹೊರಲು ಬಂದವನು ಅಲ್ಲೇ ನಿಂತುಬಿಟ್ಟಿದ್ದ. ಹಾಸಿನೊಳಗೆ ಇಳಿಯುವಾಗ ಕಾಲು ತೊಳೆದುಕೊಂಡು, ಹಲಗೆಯ ಮೇಲೆಯೇ ಹೆಜ್ಜೆ ಇಡುತ್ತಿದ್ದ. ದಿನಾ ಬೆಳಿಗ್ಗೆ ಮೂರು ಹಾಸಿನ ನೀರನ್ನೂ ಒಂದೊಂದು ಗುಟುಕು ಬಾಯಲ್ಲಿ ಆಡಿಸಿ ನುಂಗುತ್ತಿದ್ದ. "ನನ್ನ ಕಾಲದಲ್ಲಿ ಒಂದು ನಲ್ಲೀನೂ ಒಣಗಿಲ್ಲ" ಎನ್ನುವುದು ಅವನ ದೊಡ್ಡ ಹೆಮ್ಮೆ. ಅದನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

ಅವನ ಹೆಂಡತಿ ನೀರಿನ ಮನೆಯ ಗೇಟಿನ ಪಕ್ಕದಲ್ಲಿ ಚಹಾ, ಬ್ರೆಡ್ಡು, ಬೇಯಿಸಿದ ಮೊಟ್ಟೆ ಮಾರುವ ಸಣ್ಣ ಅಂಗಡಿ ಇಟ್ಟಿದ್ದಳು. ಅವಳ ಬಾಯಿ ಬಲು ಜೋರು, ಕೈ ಧಾರಾಳ. ಒಬ್ಬಳೇ ಮಗಳನ್ನು ಮೇಲಿನ ಬೀದಿಗೆ ಕೊಟ್ಟಿದ್ದರು. ಮೇಲಿನ ಬೀದಿ ದಿಣ್ಣೆಯ ಮೇಲೆ, ಕೊಳವೆಯ ಕಟ್ಟಕಡೆಗೆ. ಅಲ್ಲಿಗೆ ನೀರು ಹೋಗುತ್ತಿದ್ದದ್ದು ನಡುವಿನ ಹಾಸಿನಿಂದ.

ಹೀಗೆ ಹಲವು ವರ್ಷ ಹೋದವು. ಒಂದು ಚಳಿಗಾಲದಲ್ಲಿ ಪಾಚಿಯಪ್ಪನಿಗೆ ಚೊಕ್ಕತನದ ಹುಚ್ಚು ಹಿಡಿಯಿತು. ನಡುವಿನ ಹಾಸನ್ನು ಒತ್ತಿಕೊಂಡೇ ವಾಲ್ವಿನ ಕೋಣೆ. ಅದರ ಸೂರಿನಡಿ ಕವಲುಬಾಲದ ಪುಟ್ಟ ಹಕ್ಕಿಗಳು ಮಣ್ಣಿನ ಬಟ್ಟಲುಗಳಂತೆ ಗೂಡು ಕಟ್ಟಿದ್ದವು. ಚಳಿಗಾಲದಲ್ಲಿ ಹಕ್ಕಿಗಳು ಎಲ್ಲಿಗೋ ಹೋಗಿರುತ್ತಿದ್ದವು. ಆದರೆ ಗೋಡೆಯ ಮೇಲೆ ಹಿಕ್ಕೆಯ ಬಿಳಿ ಗೆರೆಗಳು ಇಳಿದಿದ್ದವು.

"ಕುಡಿಯೋ ನೀರಿನ ಮೇಲೆ ಇದೇನು ಅಸಹ್ಯ" ಎಂದು ಅವನು ಕೋಲಿನಿಂದ ಗೂಡುಗಳನ್ನೆಲ್ಲ ಕೆಡವಿದ. ಗೋಡೆಗೂ ಸೂರಿಗೂ ನುಣ್ಣಗೆ ಆಯಿಲ್ ಪೇಂಟು ಹೊಡೆದ. ಮುಖ ನೋಡಿಕೊಳ್ಳಬಹುದು, ಹಾಗೆ ಹೊಳೆಯಿತು.

"ಹೇಗಿದೆ ತಂಗಿ?"

"ಮದುವೆ ಮನೆ ಆಗಿದೆ ಅಣ್ಣಾ. ಹೆಣ್ಣು ಒಂದು ಕಮ್ಮಿ."

ಬೇಸಿಗೆಗೆ ಮುಂಚೆ ಹಕ್ಕಿಗಳು ಬಂದವು. ಪ್ರತಿ ವರ್ಷ ಅವು ಮಣ್ಣು ಒಯ್ಯುತ್ತಿದ್ದದ್ದು ತೊಟ್ಟಿಯಕ್ಕನ ಚರಂಡಿಯಿಂದಲೇ. ಮರಳು ತೊಳೆದ ನೀರು ಹರಿದು ಹೋಗುವಲ್ಲಿ ಬೆಣ್ಣೆಯಂಥ ಕೆಸರು ನಿಲ್ಲುತ್ತಿತ್ತು. ಹಕ್ಕಿಗಳು ಅಂಚಿನಲ್ಲಿ ಕೂತು, ಬಾಲ ಒದ್ದೆಯಾಗದಂತೆ ಎತ್ತಿ, ಕೊಕ್ಕಿನ ತುಂಬ ಕೆಸರು ತುಂಬಿಕೊಂಡು ಹಾರುತ್ತಿದ್ದವು. ಈ ಸಲವೂ ಒಯ್ದವು. ಹೊಸ ಪೇಂಟಿನ ಮೇಲೆ ಅಂಟಿಸಿದ ಕೆಸರು ಜಾರಿ ಜಾರಿ ಕೆಳಗೆ ಬಿತ್ತು. ಕೆಲವು ದಿನ ಹಟ ಹಿಡಿದು ನೋಡಿ, ಆಮೇಲೆ ಬರುವುದನ್ನು ಬಿಟ್ಟವು.

ಬಿಸಿಲು ಏರಿತು. ಸಂಜೆಯಾಯಿತೆಂದರೆ ನಡುವಿನ ಹಾಸಿನ ಮೇಲಿಂದ ನುಸಿ ಹೊಗೆಯಂತೆ ಏಳತೊಡಗಿತು. ಕಚ್ಚುವ ಜಾತಿಯಲ್ಲ, ಆದರೆ ದೀಪ ಕಂಡರೆ ಮುತ್ತುವ ಜಾತಿ. ಹತ್ತಿರದ ದೀಪ ಎಂದರೆ ಅಂಗಡಿಯದೇ. ಚಹಾದಲ್ಲಿ ನುಸಿ, ಬ್ರೆಡ್ಡಿನ ಮೇಲೆ ನುಸಿ, ಗಿರಾಕಿಗಳ ಮೂಗಿನಲ್ಲಿ ನುಸಿ.

"ಅಮ್ಮಾ, ಚಹಾಕ್ಕೆ ಸಕ್ಕರೆ ಸಾಕು, ಮಾಂಸ ಬೇಡ" ಎಂದು ಯಾರೋ ಲೋಟ ಇಟ್ಟು ಎದ್ದು ಹೋದ.

ಹೆಂಡತಿ ಸೌಟು ಹಿಡಿದೇ ಗೇಟಿನೊಳಗೆ ಬಂದಳು. "ರೀ, ನಿಮ್ಮ ಹಾಸಿನ ಸಂತಾನ ನನ್ನ ಪಾತ್ರೆಗೆ ಬಿದ್ದು ಸಾಯ್ತಿದೆ. ಅದನ್ನ ನಿಲ್ಲಿಸ್ತೀರೋ, ಇಲ್ಲಾ ನಾಳೆಯಿಂದ ನೀವೇ ಕೂತು ಒಂದೊಂದಾಗಿ ಆರಿಸ್ತೀರೋ?"

"ಆರಿಸೋಕೆ ತೊಟ್ಟಿಯಕ್ಕ ಇದ್ದಾಳಲ್ಲ" ಎಂದ.

"ನನ್ನನ್ನ ನಡುವೆ ಎಳೀಬೇಡಿ ಅಣ್ಣಾ" ಎಂದಳು ತೊಟ್ಟಿಯಕ್ಕ, ಮರಳಿನಿಂದ ತಲೆ ಎತ್ತದೆ.

ನುಸಿ ಹುಟ್ಟುವುದು ಆ ಕೆಂಪು ಹುಳದಿಂದ. ಹುಳಕ್ಕೆ ರೆಕ್ಕೆ ಬಂದರೆ ನುಸಿ. ಅಷ್ಟು ಪಾಚಿಯಪ್ಪನಿಗೂ ಗೊತ್ತಿತ್ತು. ಹುಳ ಹೋದರೆ ನುಸಿ ಹೋಗುತ್ತದೆ. ಬಾವಿಯಲ್ಲಿ ಮೀನು ಬಿಡುವುದಿಲ್ಲವೇ? ಅವನು ಕಾಲುವೆಯಿಂದ ಬೆರಳುದ್ದದ ಮೀನುಗಳನ್ನು ಕೊಡದಲ್ಲಿ ಹಿಡಿದು ತಂದು ನಡುವಿನ ಹಾಸಿನೊಳಗೆ ಬಿಟ್ಟ.

ಮೀನು ತಮ್ಮ ಕೆಲಸ ಮಾಡಿದವು. ಕೆಲವೇ ವಾರಗಳಲ್ಲಿ ನುಸಿ ಕಮ್ಮಿಯಾಗಿ ಕೊನೆಗೆ ಇಲ್ಲವೇ ಇಲ್ಲ ಅನ್ನುವಂತಾಯಿತು. ಹೆಂಡತಿ ಗಂಡನಿಗೆ ಕೇಳದೆಯೇ ಎರಡನೆಯ ಲೋಟ ಚಹಾ ಕೊಟ್ಟಳು. ಎಲ್ಲಿಂದಲೋ ಒಂದು ಮಿಂಚುಳ್ಳಿ ಬಂದು ಹಾಸಿನ ಅಂಚಿನ ವಾಲ್ವಿನ ಚಕ್ರದ ಮೇಲೆ ಕೂತು, ದಿನಕ್ಕಿಷ್ಟು ಮೀನು ಎತ್ತಿ ತಿನ್ನತೊಡಗಿತು. "ನೋಡು, ನನ್ನ ಹಾಸಿಗೂ ಆಭರಣ ಬಂತು" ಎಂದು ಪಾಚಿಯಪ್ಪ ಅದನ್ನೂ ಹೊಗಳಿದ.

ಅದೇ ಸುಮಾರಿಗೆ ಮಗಳು ಹೆತ್ತಳು. ಹೆಣ್ಣುಕೂಸು. ಮೇಲಿನ ಬೀದಿಯಲ್ಲೇ ಬಾಣಂತನ.

ಆಮೇಲೆ ನಡುವಿನ ಹಾಸು ಕಟ್ಟಿಕೊಳ್ಳತೊಡಗಿತು. ಪ್ರತಿ ಬೇಸಿಗೆಯಲ್ಲೂ ಕಟ್ಟುತ್ತಿತ್ತು, ಆದರೆ ಈ ಪಾಟಿ ಅಲ್ಲ. ಕೆರೆದು, ತೊಳೆದು, ಹೆಪ್ಪು ಚೆಲ್ಲಿ ನೀರು ಬಿಟ್ಟರೆ ಬೆನ್ನಿಗೇ ಮತ್ತೆ ಕಟ್ಟುತ್ತಿತ್ತು. ಕೆರೆದಾಗಲೆಲ್ಲ ಕೆನೆ ಹದವಾಗುವವರೆಗೆ ಹಾಸು ಸುಮ್ಮನೆ ಬಿದ್ದಿರಬೇಕು. ಉಳಿದೆರಡು ಹಾಸಿನ ನೀರು ಕೆಳಗಿನ ಬೀದಿಗಳಿಗೇ ಸಾಲದು. ದಿಣ್ಣೆ ಹತ್ತುವ ನೀರು ಸಣ್ಣಗಾಗಿ, ದಾರದಂತಾಗಿ, ಒಂದು ದಿನ ನಿಂತೇಹೋಯಿತು.

ಒಣಗಿದ ಮೊದಲ ನಲ್ಲಿ ಪಾಚಿಯಪ್ಪನ ಮಗಳ ಮನೆಯದು.

ಬಾಣಂತಿ ಮನೆ, ಹಸುಗೂಸಿನ ಬಟ್ಟೆ, ಒಲೆಯ ಮೇಲೆ ಸದಾ ಕಾಯಬೇಕಾದ ನೀರು. ಅವನು ಬೆಳಗಾಗುತ್ತಲೇ ಎರಡು ಕೊಡ ಹೊತ್ತು ದಿಣ್ಣೆ ಹತ್ತತೊಡಗಿದ. ಬೀದಿಯವರು ಕಿಟಕಿಯಿಂದ ನೋಡುತ್ತಿದ್ದರು. ಆ ನೋಟ ಅವನಿಗೆ ಕೊಡಕ್ಕಿಂತ ಭಾರವಾಗಿತ್ತು. ಅಳಿಯ ಒಂದು ದಿನ, "ಮಾವ, ಇನ್ನೊಂದು ವಾರ ಹೀಗೇ ಆದ್ರೆ ಇವರಿಬ್ಬರನ್ನೂ ನಮ್ಮಮ್ಮನ ಊರಿಗೆ ಕಳಿಸ್ತೀನಿ. ಬೇಜಾರು ಮಾಡ್ಕೋಬೇಡಿ" ಎಂದ. ನಲ್ಲಿ ಒಣಗಿಲ್ಲ ಎನ್ನುವ ಮಾತು ಪಾಚಿಯಪ್ಪನ ಬಾಯಿಂದ ಅಂದಿನಿಂದ ಬರಲಿಲ್ಲ.

ಯಾರೋ ಒಬ್ಬರು ಸಲಹೆ ಕೊಟ್ಟರು, ಬಾತುಕೋಳಿ ಬಿಡು, ಪಾಚಿ ತಿಂದು ಹಾಕುತ್ತವೆ. ಅವನು ಬಾತುಕೋಳಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಲೂ ಹೊರಟ. ಹೊರಟವನನ್ನು ತೊಟ್ಟಿಯಕ್ಕ ಕೂಗಿ ನಿಲ್ಲಿಸಿದಳು.

"ಅಣ್ಣಾ, ಇಲ್ಲಿ ಬನ್ನಿ. ಇದನ್ನ ಮುಟ್ಟಿ ನೋಡಿ."

ತೊಟ್ಟಿಯ ಕಟ್ಟೆಯ ಮೇಲೆ ಎರಡು ಹಿಡಿ ಮರಳು ಇಟ್ಟಿದ್ದಳು. ಒಂದು ಮೊದಲನೆಯ ಹಾಸಿನದು, ಇನ್ನೊಂದು ನಡುವಿನದು. ಮೊದಲನೆಯದನ್ನು ಹಿಸುಕಿದರೆ ಪುಡಿಪುಡಿಯಾಗಿ ಬಿಡುತ್ತಿತ್ತು. ನಡುವಿನದು ಎಳೆದರೆ ಹಸಿರು ಕಂಬಳಿಯ ತುಂಡಿನಂತೆ ಹಿಗ್ಗಿತು, ಹರಿಯಲಿಲ್ಲ.

"ಇದನ್ನ ತೊಳೆಯೋಕೆ ನನಗೆ ಎರಡರಷ್ಟು ಹೊತ್ತು ಬೇಕು. ಮೊದಲು ಹೀಗಿರಲಿಲ್ಲ. ಮತ್ತೆ ಇದರಲ್ಲಿ ಒಂದೂ ಹುಳ ಇಲ್ಲ. ಅದರಲ್ಲಿ ನೋಡಿ, ಎಷ್ಟು ಬೇಕು?"

ಮೊದಲನೆಯ ಹಾಸಿನ ಮರಳಿನಲ್ಲಿ ಹುಳಗಳು ಮರಳಿನ ಕಣಗಳನ್ನೇ ಅಂಟಿಸಿ ಕಟ್ಟಿಕೊಂಡ ಸಣ್ಣ ಕೊಳವೆಗಳೊಳಗೆ ಅಲ್ಲಾಡುತ್ತಿದ್ದವು. ಒಂದು ಹುಳ ತಲೆ ಹೊರಗೆ ಹಾಕಿ, ಸುತ್ತಲಿನ ಪಾಚಿಯನ್ನು ಕೆರೆದು ಕೆರೆದು ತಿನ್ನುತ್ತಿತ್ತು. ಅದು ಮೇಯ್ದ ಕಡೆಯಲ್ಲಿ ಮರಳು ಬಿಳಿಚುಕ್ಕೆಯಾಗಿ ತೆರೆದುಕೊಂಡಿತ್ತು.

ಪಾಚಿಯಪ್ಪ ಬಹಳ ಹೊತ್ತು ಬಾಗಿ ನೋಡಿದ. ಕಿವಿಯ ಮೇಲಿನ ಬೀಡಿ ಬಿದ್ದದ್ದೂ ಗೊತ್ತಾಗಲಿಲ್ಲ.

"ಬಾಡಿಗೆ ಕೊಡ್ತಾನೇ ಇದ್ದವು ತಂಗಿ" ಎಂದ. "ನಾನು ಇಸ್ಕೋತಿದ್ದೆ, ನನಗೇ ಗೊತ್ತಿರಲಿಲ್ಲ."

ಆಮೇಲೆ ತನಗೆ ತಾನೇ ಹೇಳಿಕೊಳ್ಳುವವನ ಹಾಗೆ ಒಂದೊಂದಾಗಿ ಜೋಡಿಸುತ್ತಾ ಹೋದ. ಬಿಸಿಲು ಉಂಡು ಪಾಚಿ. ಪಾಚಿ ಉಂಡು ಹುಳ. ಹುಳವನ್ನು ನಾನು ಮೀನಿಗೆ ಹಾಕಿದೆ, ಪಾಚಿಯನ್ನು ಕೇಳುವವರಿಲ್ಲದಂತಾಯಿತು. "ಆದ್ರೆ ನುಸಿ ಈ ವರ್ಷವೇ ಯಾಕೆ ಹೀಗೆ ಎದ್ದಿತು? ಹುಳ ಮೊದಲೂ ಇತ್ತಲ್ಲ?"

ತೊಟ್ಟಿಯಕ್ಕ ಚರಂಡಿಯ ಕಡೆ ನೋಡಿದಳು. ಕೆಸರು ನುಣ್ಣಗೆ, ಒಂದೂ ಹೆಜ್ಜೆಯ ಗುರುತಿಲ್ಲದೆ ಬಿದ್ದಿತ್ತು.

"ಸಂಜೆ ಹಾಸಿನ ಮೇಲೆ ಬಾಯಿ ತೆರೆದು ನುಸಿ ಹಿಡೀತಾ ಹಾರಾಡ್ತಿದ್ದವರು ಈ ವರ್ಷ ಇಲ್ಲ, ಅಣ್ಣಾ. ನನ್ನ ಮಣ್ಣು ಕೇಳೋರೇ ಇಲ್ಲ."

ಅವನು ತಿರುಗಿ ತನ್ನ ಹೊಳೆಯುವ ಗೋಡೆಯನ್ನು ನೋಡಿದ.

ಪಕ್ಕದಲ್ಲಿ ತೊಟ್ಟಿಯಕ್ಕನ ಹಳೆಯ ಜರಡಿ ಬಿದ್ದಿತ್ತು. ಎಂದೋ ಒಂದು ತಂತಿ ಕಿತ್ತುಬಂದು, ಅಕ್ಕಪಕ್ಕದ ತಂತಿಗಳೂ ಜಾರಿ, ಒಂದೇ ಬೆರಳು ತೂರುತ್ತಿದ್ದ ಕಡೆ ಈಗ ಕೈಯೇ ತೂರುವಂತಾಗಿತ್ತು. ಪಾಚಿಯಪ್ಪ ಅದನ್ನು ಎತ್ತಿ ತಿರುಗಿಸಿ ನೋಡಿ, "ಎಲ್ಲಿಂದ ಶುರು ಮಾಡೋದು?" ಎಂದ.

"ಮೊದಲು ಕೂಸಿಗೆ ನೀರು" ಎಂದಳು ಅವಳು.

ಹಾಸನ್ನು ಮೊಣಕಾಲುಮಟ್ಟಕ್ಕೆ ಇಳಿಸಿ, ಹಳೆಯ ಸೀರೆಯನ್ನು ಬಲೆ ಮಾಡಿ, ಇಬ್ಬರೂ ಒಂದೊಂದು ತುದಿ ಹಿಡಿದು ಮೀನುಗಳನ್ನು ಗೋರಿದರು. ಆ ಸೀರೆ ಅವನ ಹೆಂಡತಿ ಅಂಗಡಿಯಮ್ಮನದು. ಕೊಡುವಾಗ ಅವಳು ಕೇಳಿದಳು, "ಮೀನು ತೆಗೆದ್ರೆ ನುಸಿ ಬರುತ್ತೆ ತಾನೆ?"

"ಬರುತ್ತೆ" ಎಂದ ಗಂಡ.

"ನನ್ನ ಅಂಗಡಿ?"

ಅವನು ದಿಣ್ಣೆಯ ಕಡೆ ನೋಡಿದ. ಅವಳು ಒಂದು ಗಳಿಗೆ ಅವನ ಮುಖ ನೋಡಿ ಸೀರೆಯನ್ನು ಕೈಗೆ ತುರುಕಿದಳು. "ಹೋಗಿ. ಕತ್ತಲಾಗೋ ಮುಂಚೆ ಅಂಗಡಿ ಮುಚ್ತೀನಿ. ನುಸಿ ಬರಲಿ ಅಂತ ಹರಕೆ ಹೊರೋ ಗಂಡಸನ್ನ ಕಟ್ಟಿಕೊಂಡಿದ್ದೀನಿ, ಇನ್ನೇನು ಮಾಡ್ಲಿ."

ಮೀನು ಕಾಲುವೆಗೆ ಹೋದವು. ಮಿಂಚುಳ್ಳಿ ಎರಡು ದಿನ ಚಕ್ರದ ಮೇಲೆ ಕಾದು ಕೂತು ಅದೂ ಹೋಯಿತು. ಪಾಚಿಯಪ್ಪ ಹಾಸನ್ನು ಕೆರೆದ, ತೊಟ್ಟಿಯಕ್ಕ ತೊಳೆದಳು. ಕೊನೆಗೆ ಮೊದಲನೆಯ ಹಾಸಿನಿಂದ ಹೆಪ್ಪು ತರಬೇಕಿತ್ತು. ಅವನು ಬುಟ್ಟಿ ಅವಳ ಕೈಗೇ ಕೊಟ್ಟ. "ಹುಳ ಜಾಸ್ತಿ ಇರೋ ಕಡೆಯಿಂದ ನೋಡಿ ತುಂಬಿಸು."

ಅವಳು ಹುಳವನ್ನು ಆರಿಸಿದಳು. ಈ ಸಲ ಎಸೆಯಲಿಕ್ಕಲ್ಲ, ಇಡಲಿಕ್ಕೆ.

ಮಿಕ್ಕದ್ದು ಕಾಯುವ ಕೆಲಸ. ಅಳಿಯ ಹೇಳಿದ ವಾರ ಮುಗಿಯುತ್ತಾ ಬಂದಿತ್ತು. ಮಗಳ ಮನೆಯಲ್ಲಿ ಪೆಟ್ಟಿಗೆ ಕಟ್ಟಿಟ್ಟಿದ್ದರು. ಪಾಚಿಯಪ್ಪ ಬೆಳಿಗ್ಗೆ ನಡುವಿನ ಹಾಸಿನ ನೀರನ್ನು ಬಾಯಲ್ಲಿ ಆಡಿಸಿ ಉಗುಳುತ್ತಿದ್ದ. ಇನ್ನೂ ಹದ ಬಂದಿಲ್ಲ. ಮರುದಿನವೂ ಉಗುಳಿದ. ತೊಟ್ಟಿಯಕ್ಕ ತನ್ನ ಲೋಟ ಅಲ್ಲಾಡಿಸಿ ನೋಡಿ ಚೆಲ್ಲಿಬಿಡುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಅವನ ಗಂಟಲ ಗಂಟು ಮೇಲೆ ಕೆಳಗೆ ಆಡಿತು. ನುಂಗಿದ್ದ. ಚಕ್ರ ತಿರುಗಿಸಿ ನೀರು ಬಿಟ್ಟ.

ಇಬ್ಬರೂ ಬರಿಗೈಯಲ್ಲಿ ದಿಣ್ಣೆ ಹತ್ತಿದರು. ಬಾಗಿಲಲ್ಲಿ ಕಟ್ಟಿದ ಪೆಟ್ಟಿಗೆ, ಹೊರಗೆ ಬಾಡಿಗೆ ಗಾಡಿ. ಮಗಳು, "ಅಪ್ಪಾ, ಕೊಡ ಎಲ್ಲಿ?" ಎಂದಳು. ಅವನು ನೇರ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತ. ನಲ್ಲಿ ಉಸ್ಸೆಂದಿತು, ಕೆಮ್ಮಿತು, ಒಂದು ಜೇಡವನ್ನು ಹೊರಗೆ ತಳ್ಳಿತು. ಆಮೇಲೆ ಸಣ್ಣಗೆ ದಾರ, ಆಮೇಲೆ ಬೆರಳು ಗಾತ್ರ. ಕೆಳಗಿಟ್ಟ ಬಕೆಟ್ಟಿನ ತಳದಲ್ಲಿ ಸದ್ದು ಬದಲಾಯಿತು.

ಅಳಿಯ ಗಾಡಿಯವನಿಗೆ, "ನೀನು ಹೋಗಪ್ಪ" ಎಂದ. ಮಗಳು ಕೂಸನ್ನು ತಂದು, ಅಲ್ಲೇ ಕೂತುಬಿಟ್ಟಿದ್ದ ಅಜ್ಜನ ತೊಡೆಯ ಮೇಲೆ ಇಟ್ಟಳು. ಅದು ಅವನ ಒದ್ದೆ ಬೆರಳನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು.

"ನೋಡಿ, ಇದೂ ಪಂಕ್ತೀಲಿ ಕೂತಿತು" ಎಂದಳು ತೊಟ್ಟಿಯಕ್ಕ.

ಆ ಬೇಸಿಗೆ ಪೂರ್ತಿ ನುಸಿ ಎದ್ದಿತು, ಅಂಗಡಿ ಸಂಜೆಗೇ ಮುಚ್ಚಿತು, ಅಂಗಡಿಯಮ್ಮನ ಬಾಯಿ ಮಾತ್ರ ಮುಚ್ಚಲಿಲ್ಲ. ಪಾಚಿಯಪ್ಪ ಏಣಿ ಹಾಕಿಕೊಂಡು ತಾನೇ ಹೊಡೆದ ಪೇಂಟನ್ನು ಉಳಿ ಹಿಡಿದು ಕೆತ್ತಿ ಕೆತ್ತಿ ಗೋಡೆಯನ್ನು ಸಿಡುಬು ಬಂದವರ ಮುಖದಂತೆ ಮಾಡಿದ. ಹಿಕ್ಕೆ ನೀರಿಗೆ ಬೀಳದಂತೆ ಸೂರಿನ ಕೆಳಗೊಂದು ಹಲಗೆ ಬಡಿದ. ಅಷ್ಟೇ ಬೇಕಿದ್ದದ್ದು, ಮೊದಲು ಹೊಳೆದಿರಲಿಲ್ಲ. ಮುಂದಿನ ವರ್ಷ ಒಂದೇ ಒಂದು ಜೋಡಿ ಹಕ್ಕಿ ಬಂದು ತೊಟ್ಟಿಯಕ್ಕನ ಕೆಸರು ಒಯ್ದಿತು. ಅದರ ಮುಂದಿನ ವರ್ಷ ಅವಳು ಚರಂಡಿಯ ಹತ್ತಿರ ಕಾಲಿಡಲೂ ಜಾಗವಿಲ್ಲದಷ್ಟು ಬಂದವು. ಅಂಗಡಿಯ ದೀಪ ಮತ್ತೆ ಕತ್ತಲಾದ ಮೇಲೂ ಉರಿಯಿತು. ಒಂದೆರಡು ನುಸಿ ಚಹಾಕ್ಕೆ ಬೀಳುವುದು ನಿಲ್ಲಲಿಲ್ಲ. ಅದಕ್ಕೆ ಅಂಗಡಿಯಮ್ಮ ಲೋಟಕ್ಕೆ ಮುಚ್ಚಳ ಕೊಡತೊಡಗಿದಳು.

ಪಾಚಿಯಪ್ಪ ನಿವೃತ್ತನಾದಾಗ ಅಳಿಯನಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿತ್ತು. ಮೊಮ್ಮಗಳು ಆಗಲೇ ಶಾಲೆಗೆ ಹೋಗುವಷ್ಟು ಬೆಳೆದಿದ್ದಳು. ಅಲ್ಲಿ ಕಾಲುವೆಯ ಮಬ್ಬು ನೀರೇ ಗತಿಯಂತೆ. ಅವನು ಹಿತ್ತಲಲ್ಲಿ ಒಂದು ಪೀಪಾಯಿಗೆ ಮರಳು ತುಂಬಿ ಸಣ್ಣ ಹಾಸು ಮಾಡುತ್ತೇನೆ ಎಂದು ಹೊರಟ. ಅಂಗಡಿಯಮ್ಮನೂ ಹೊರಟಳು, ಅಂಗಡಿಯ ಪಾತ್ರೆಗಳ ಸಮೇತ.

ಗಾಡಿ ನೀರಿನ ಮನೆಯ ಗೇಟಿನ ಮುಂದೆ ನಿಂತಿತು. ತೊಟ್ಟಿಯಕ್ಕ ನಡುವಿನ ಹಾಸಿನ ಮರಳು ತುಂಬಿದ ಮಡಕೆಯನ್ನು ತಂದು, ಒದ್ದೆ ಗೋಣಿ ಸುತ್ತಿ, ಅವನ ಕಾಲ ಬಳಿ ಅಲುಗದಂತೆ ಇಟ್ಟಳು.

"ಇಷ್ಟು ವರ್ಷ ನುಸಿ ಜೊತೆ ಬಾಳಿದ್ದಾಯ್ತು" ಎಂದಳು ಅಂಗಡಿಯಮ್ಮ. "ಈಗ ಮಡಕೇಲಿ ಹಾಕ್ಕೊಂಡು ಮಗಳ ಮನೆಗೂ ಕರ್ಕೊಂಡು ಹೋಗ್ತಿದ್ದಾರೆ."

ಗಾಡಿ ಹೊರಟಿತು. ಆ ಬೀದಿಗೆ ಅವನು ಮತ್ತೆ ಬರಲಿಲ್ಲ, ತೊಟ್ಟಿಯಕ್ಕನೂ ಆ ಊರಿಗೆ ಹೋಗಲಿಲ್ಲ. ಆದರೆ ಅಂದು ತಿರುವಿನಲ್ಲಿ ಗಾಡಿ ಗಕ್ಕನೆ ನಿಂತಿತು. ಅವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ್ದು ಅವಳಿಗೆ ಚೆನ್ನಾಗಿ ಕೇಳಿಸಿತು.

"ತಂಗೀ, ಹುಳ ಆರಿಸಿ ಬಿಸಾಕಿಲ್ಲ ತಾನೆ?"